‘ಡಾಕ್ಟರ್ ಇನ್‌ಫಾರ್ಮ್ಡ್’: ತಿಳಿಸಿದ್ದು ಯಾರು?

ಬೆಂಗಳೂರಿನ ಐಸಿಯುನಲ್ಲಿದ್ದ ದಿನಗಳಲ್ಲಿ ಡ್ಯೂಟಿ ಮುಗಿಯುವ ಹೊತ್ತಿಗೆ ನಾವೆಲ್ಲ ಕೇಸ್ ಶೀಟ್‌ನಲ್ಲಿ ಬರೆಯುತ್ತಿದ್ದದ್ದು ಒಂದೇ ಬಗೆಯ ಸಾಲು. ‘ವೈಟಲ್ಸ್ ಸ್ಟೇಬಲ್. ಡ್ಯೂ ಮೆಡಿಸಿನ್ಸ್ ಗಿವನ್. ಡಾಕ್ಟರ್ ಇನ್‌ಫಾರ್ಮ್ಡ್.’ ಮೂರು ವಾಕ್ಯ, ಮೂರರಲ್ಲೂ ಮನುಷ್ಯರಿಲ್ಲ. ನಾಡಿ ಹಿಡಿದವರು, ಔಷಧ ಕೊಟ್ಟವರು, ರಾತ್ರಿ ಎರಡಕ್ಕೆ ಫೋನ್ ಮಾಡಿ ಡಾಕ್ಟರನ್ನು ಎಬ್ಬಿಸಿದವರು ಯಾರೆಂದು ಆ ಸಾಲು ಹೇಳುವುದಿಲ್ಲ. ಕೆಳಗೊಂದು ಸಹಿ ಇರುತ್ತದೆ, ಅಷ್ಟೆ. ಹಾಗೆ ಬರೆಯುವುದೇ ಶಿಸ್ತು ಎಂದು ಕಲಿಸಿದ್ದರು, ನಾವೂ ನಂಬಿದ್ದೆವು. ಹದಿನಾರು ವರ್ಷ ನರ್ಸ್ ಆಗಿ ದುಡಿದ ಮೇಲೆ ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಪದವಿಗೆ ಅರ್ಜಿ ತುಂಬಲು ಕೂತಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಈ ಅಭ್ಯಾಸವೇ.

ನರ್ಸ್ ಪ್ರಾಕ್ಟೀಷನರ್ ಎಂದರೆ ಯಾರು ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತಾರೆ. ‘ಅರ್ಧ ಡಾಕ್ಟರಾ?’ ಎಂದು ದೊಡ್ಡಮ್ಮ ಕೇಳಿದ್ದುಂಟು. ರೋಗಿಯನ್ನು ತಾನೇ ಪರೀಕ್ಷಿಸಿ, ರಕ್ತಪರೀಕ್ಷೆ, ಸ್ಕ್ಯಾನ್ ಬರೆದು, ಕಾಯಿಲೆ ಏನೆಂದು ಗುರುತಿಸಿ, ಔಷಧದ ಚೀಟಿಗೆ ತನ್ನ ಹೆಸರಲ್ಲೇ ಸಹಿ ಹಾಕುವ ನರ್ಸ್ ಎಂದು ನಾನು ಹೇಳುತ್ತೇನೆ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಈ ತರಬೇತಿಯನ್ನು ಮೊದಲು ಶುರುಮಾಡಿದರು. ಫೋರ್ಡ್ ಕೊಲೊರಾಡೊದ ಹಳ್ಳಿಗಾಡಿನಲ್ಲಿ ಸಾರ್ವಜನಿಕ ಆರೋಗ್ಯ ನರ್ಸ್ ಆಗಿದ್ದವರು. ಡಾಕ್ಟರೇ ಇಲ್ಲದ ಊರುಗಳಲ್ಲಿ ಮಕ್ಕಳ ಆರೋಗ್ಯದ ಹೊಣೆ ಹೇಗೂ ನರ್ಸ್‌ಗಳ ಮೇಲಿರುವುದನ್ನು ಕಣ್ಣಾರೆ ಕಂಡಿದ್ದರು. ಮಾಡುತ್ತಲೇ ಇರುವ ಕೆಲಸಕ್ಕೆ ಸರಿಯಾದ ಓದನ್ನೂ ಹೆಸರನ್ನೂ ಕೊಡೋಣ ಎಂಬುದು ಅವರ ಯೋಚನೆ. ವೈದ್ಯರು ವಿರೋಧಿಸಿದ್ದು ಹಾಗಿರಲಿ, ನರ್ಸಿಂಗ್ ಅಧ್ಯಾಪಕಿಯರೇ ಅನೇಕರು ಸಿಡಿಮಿಡಿಗೊಂಡರು. ಮುದುಕರಿಗೆ, ಬಡವರಿಗೆ ಚಿಕಿತ್ಸಾ ವೆಚ್ಚ ಭರಿಸುವ ಮೆಡಿಕೇರ್, ಮೆಡಿಕೇಡ್ ಕಾನೂನುಗಳು ಬಂದದ್ದೂ ಅದೇ ವರ್ಷ. ರೋಗಿಗಳ ಸಾಲು ಬೆಳೆಯಿತು, ನೋಡುವವರು ಸಾಲದಾದರು. ಇವತ್ತು ಆ ದೇಶದಲ್ಲಿ 4 ಲಕ್ಷಕ್ಕೂ ಹೆಚ್ಚು ನರ್ಸ್ ಪ್ರಾಕ್ಟೀಷನರ್‌ಗಳಿದ್ದಾರೆ. ಫೋರ್ಡ್ 2025ರ ಜನವರಿಯಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ದಿನ ನಮ್ಮ ವಾರ್ಡಿನಲ್ಲಿ ಊಟದ ಬಿಡುವಿಡೀ ಅವರದೇ ಮಾತು.

ಅಧಿಕಾರ ಎಲ್ಲ ರಾಜ್ಯಗಳಲ್ಲೂ ಒಂದೇ ಇಲ್ಲ. ಅರಿಜೋನಾದಲ್ಲಿ ನರ್ಸ್ ಪ್ರಾಕ್ಟೀಷನರ್ ಸ್ವಂತ ಕ್ಲಿನಿಕ್ ತೆರೆದು ಕೂರಬಹುದು. ನಾನಿರುವ ಟೆಕ್ಸಾಸ್‌ನಲ್ಲಿ ಔಷಧ ಬರೆಯಬೇಕಾದರೆ ಒಬ್ಬ ವೈದ್ಯರೊಂದಿಗೆ ಲಿಖಿತ ಒಪ್ಪಂದ ಇರಲೇಬೇಕು. ಎಲ್ಲಿ ಬದುಕಬೇಕೆಂದಿದ್ದೀರೋ ಆ ರಾಜ್ಯದ ನಿಯಮ ಓದದೆ ಅರ್ಜಿ ಹಾಕಬೇಡಿ ಎಂದು ಕಿರಿಯರಿಗೆ ಮೊದಲು ಹೇಳುವುದು ಅದಕ್ಕೇ.

ಅರ್ಜಿಯ ಹೊಸ್ತಿಲಿಗೆ ಬರುವುದೇ ನಮ್ಮವರಿಗೆ ದೊಡ್ಡ ದಾರಿ. ಈ ಓದಿಗೆ ಅಮೆರಿಕದ ನರ್ಸ್ ಪರವಾನಗಿ ಬೇಕು, ಅದಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಈಗ 85ರಿಂದ 150 ಪ್ರಶ್ನೆಗಳು, ನೀವು ಉತ್ತರಿಸಿದ ಹಾಗೆ ಮುಂದಿನ ಪ್ರಶ್ನೆ ಬದಲಾಗುತ್ತಾ ಹೋಗುತ್ತದೆ. ಅದಾದ ಮೇಲೆ ಕೆಲಸದ ವೀಸಾ. ಆಸ್ಪತ್ರೆಗಳು ನರ್ಸ್‌ಗಳಿಗೆ ಗ್ರೀನ್ ಕಾರ್ಡ್ ಪ್ರಾಯೋಜಿಸುತ್ತವೆ, ನಿಜ. ಆದರೆ ಭಾರತೀಯರ ಸಾಲು ಹತ್ತು ವರ್ಷ ಮೀರಿ ಚಾಚಿದೆ. ನನ್ನ ಸರದಿ ಬರಲು ಹನ್ನೊಂದು ವರ್ಷ ಹಿಡಿಯಿತು. ಅರ್ಜಿ ಹಾಕಿದಾಗ ಹುಟ್ಟಿರದ ನನ್ನ ಮಗಳು ವೀಸಾ ಬಂದಾಗ ಐದನೇ ಕ್ಲಾಸಿನಲ್ಲಿದ್ದಳು. ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಮಾಡಿದವರು ಬಿ.ಎಸ್‌ಸಿ. ಮಟ್ಟಕ್ಕೆ ಬರಲು ನಡುವೆ ಇನ್ನೊಂದು ಓದು ಮುಗಿಸಬೇಕಾಗುತ್ತದೆ. ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಆದವರಿಗೆ ಆ ಸುತ್ತು ತಪ್ಪುತ್ತದೆ.

ಮಂಗಳೂರಿನಲ್ಲಿ ಓದಿದ ನನ್ನ ಅಂಕಪಟ್ಟಿ ಅಮೆರಿಕದ ಅಳತೆಗೆ ಬರಬೇಕಿತ್ತು. ಇದಕ್ಕೆಂದೇ ಮೌಲ್ಯಮಾಪನ ಸಂಸ್ಥೆಗಳಿವೆ. ನಮ್ಮಲ್ಲಿ ಶೇ 60 ಬಂದರೆ ಪ್ರಥಮ ದರ್ಜೆ, ಮನೆಯಲ್ಲಿ ಪಾಯಸ. ಅಲ್ಲಿ 60 ಎಂದರೆ ನಪಾಸಿನ ಅಂಚು. ಈ ವ್ಯತ್ಯಾಸ ಗೊತ್ತಿರುವವರು ಒಂದೊಂದು ವಿಷಯವನ್ನೂ ಬಿಡಿಸಿ ಅವರ ಗ್ರೇಡಿಗೆ ಇಳಿಸುತ್ತಾರೆ. ಹೆಚ್ಚಿನ ಶಾಲೆಗಳು ಕೇಳುವುದು 4ಕ್ಕೆ 3.0. ಶೇ 62 ತೆಗೆದವಳು ನಾನು, ಯಾವ ಶಾಲೆಯೂ ಬಾಗಿಲು ತೆಗೆಯುವುದಿಲ್ಲವೆಂದು ಎರಡು ವರ್ಷ ಸುಮ್ಮನಿದ್ದೆ. ಆ ಎರಡು ವರ್ಷ ದಂಡ. ಅಂಕಪಟ್ಟಿ ಅವರ ಅಳತೆಯಲ್ಲಿ ಧಾರಾಳವಾಗಿ ಗಡಿ ದಾಟಿತು.

ಆದರೆ ಅಂಕಪಟ್ಟಿ ಮುಚ್ಚಿದ ಲಕೋಟೆಯಲ್ಲೇ ಹೋಗಬೇಕು. ಅಂಟಿಸಿದ ಬಾಯಿಯ ಮೇಲೆ ಕಾಲೇಜಿನ ಮೊಹರು, ಸಹಿ ಇರಬೇಕು. ಅದನ್ನು ತರಲು ನಮ್ಮಪ್ಪ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ನಾಲ್ಕು ಸಲ ಮಂಗಳೂರಿಗೆ ಹೋದರು. ಕಚೇರಿಯಲ್ಲಿ ಒಂದು ಸಲ ಗುಮಾಸ್ತರಿಲ್ಲ, ಇನ್ನೊಂದು ಸಲ ಪ್ರಿನ್ಸಿಪಾಲರಿಲ್ಲ. ನಾಲ್ಕನೇ ಸಲ ಲಕೋಟೆ ಕೈಗೆ ಬಂತು. ಅಪ್ಪ ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ಅಂಕ ಕೂಡಿದ್ದು ಸರಿಯಿದೆಯೋ ಇಲ್ಲವೋ ನೋಡದೆ ಕಾಗದವನ್ನು ಮುಂದಕ್ಕೆ ಕಳಿಸುವುದು ಅವರ ಜಾಯಮಾನವೇ ಅಲ್ಲ. ಮನೆಗೆ ಬಂದು, ಕನ್ನಡಕ ಹಾಕಿಕೊಂಡು, ಬ್ಲೇಡಿನಿಂದ ನೀಟಾಗಿ ಲಕೋಟೆ ಬಿಡಿಸಿ, ಎಲ್ಲವನ್ನೂ ಎರಡೆರಡು ಸಲ ಕೂಡಿ ನೋಡಿ, ಫೋನ್ ಮಾಡಿದರು. ‘ಎಲ್ಲ ಸರಿ ಇದೆ ಪುಟ್ಟಿ, ಒಂದು ಅಂಕವೂ ತಪ್ಪಿಲ್ಲ.’ ನಾನು ಏನು ಹೇಳಲಿ? ಆ ವರ್ಷದ ಕೊನೆಯ ದಿನಾಂಕ ದಾಟಿ ಹೋಯಿತು. ಐದನೇ ಸಲ ಅವರು ಘಟ್ಟ ಇಳಿದು ತಂದ ಲಕೋಟೆ ಮರುವರ್ಷದ ಅರ್ಜಿಗೆ ಹೋಯಿತು. ನೀವು ಈ ದಾರಿಯಲ್ಲಿದ್ದರೆ, ಊರಿನಲ್ಲಿ ನಿಮ್ಮ ಪರವಾಗಿ ಓಡಾಡುವವರಿಗೆ ಮೊಹರಿನ ವಿಷಯ ಮೊದಲೇ ಬಿಡಿಸಿ ಹೇಳಿ. ಅರ್ಜಿಗಿಂತ ಒಂದು ವರ್ಷ ಮುಂಚೆಯೇ ಕಾಗದಪತ್ರ ಶುರುಮಾಡಿ. ಎಷ್ಟೋ ಶಾಲೆಗಳಿಗೆ ನರ್ಸಿಂಗ್‌ಕ್ಯಾಸ್ ಎಂಬ ಒಂದೇ ಜಾಲತಾಣದ ಮೂಲಕ ಅರ್ಜಿ ಹೋಗುತ್ತದೆ. ಲಕೋಟೆ ಯಾಕೆ ತಡವಾಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಅರ್ಜಿಯ ಮೊದಲ ಪುಟದಲ್ಲೇ ಒಂದು ಚೌಕಕ್ಕೆ ಗುರುತು ಹಾಕಬೇಕು: ಯಾರಿಗೆ ಚಿಕಿತ್ಸೆ ಕೊಡುವ ನರ್ಸ್ ಆಗುತ್ತೀರಿ? ಕುಟುಂಬ, ವಯಸ್ಕರು ಮತ್ತು ವೃದ್ಧರು, ಮಕ್ಕಳು, ನವಜಾತ ಶಿಶುಗಳು, ಮಹಿಳೆಯರು, ಮಾನಸಿಕ ಆರೋಗ್ಯ. 2008ರಲ್ಲಿ ಒಪ್ಪಿತವಾದ ಮಾದರಿಯ ಪ್ರಕಾರ ಇವು ಆರು ದಾರಿಗಳು. ವಯಸ್ಕರ ಮತ್ತು ಮಕ್ಕಳ ದಾರಿಗಳು ಮತ್ತೆ ಕವಲೊಡೆಯುತ್ತವೆ, ಕ್ಲಿನಿಕ್ಕಿನ ಕಡೆಗೊಂದು, ತೀವ್ರ ಚಿಕಿತ್ಸೆಯ ಕಡೆಗೊಂದು. ಈ ಗುರುತು ಇಡೀ ಮುಂದಿನ ವೃತ್ತಿಯನ್ನು ಕಟ್ಟಿಹಾಕುತ್ತದೆ. ವಯಸ್ಕರ ದಾರಿ ಹಿಡಿದವಳು ಮಗುವಿಗೆ ಔಷಧ ಬರೆಯುವಂತಿಲ್ಲ, ಮನಸ್ಸು ಬದಲಾದರೆ ಇನ್ನೊಂದು ಸರ್ಟಿಫಿಕೇಟ್ ಓದಬೇಕು. ನಮ್ಮವರಲ್ಲಿ ಬಹುಪಾಲು ಜನ ಕಣ್ಣುಮುಚ್ಚಿ ಕುಟುಂಬದ ಚೌಕಕ್ಕೆ ಗುರುತು ಹಾಕುತ್ತಾರೆ, ಎಲ್ಲ ವಯಸ್ಸಿನವರನ್ನೂ ನೋಡಬಹುದು, ಎಲ್ಲಿ ಹೋದರೂ ಕೆಲಸ ಎಂಬ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಹತ್ತು ವರ್ಷ ವೆಂಟಿಲೇಟರುಗಳ ನಡುವೆ ಪಳಗಿದ ಕೈಗೆ ಆ ಓದು ಐಸಿಯು ಕೆಲಸವನ್ನು ಕಲಿಸುವುದಿಲ್ಲ, ಆಮೇಲೆ ಎಷ್ಟೋ ಆಸ್ಪತ್ರೆಗಳ ಐಸಿಯುಗಳಲ್ಲಿ ಆ ಪದವಿಗೆ ಜಾಗವೂ ಸಿಗುವುದಿಲ್ಲ. ನಾನು ವಯಸ್ಕರ ತೀವ್ರ ಚಿಕಿತ್ಸೆಯ ದಾರಿ ಹಿಡಿದೆ, ಆ ಬಗ್ಗೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಪದವಿಯ ಹೆಸರಿನ ಗೊಂದಲ ಬೇರೆ ಇದೆ. ಎರಡು-ಮೂರು ವರ್ಷದ ಮಾಸ್ಟರ್ಸ್ ಒಂದು, ಅದಕ್ಕಿಂತ ಉದ್ದದ ಡಿಎನ್‌ಪಿ ಎಂಬ ಡಾಕ್ಟರೇಟ್ ಇನ್ನೊಂದು. 2015ರೊಳಗೆ ಎಲ್ಲರೂ ಡಾಕ್ಟರೇಟ್‌ಗೇ ಬರಬೇಕೆಂದು ನರ್ಸಿಂಗ್ ಕಾಲೇಜುಗಳ ಒಕ್ಕೂಟ 2004ರಲ್ಲಿ ಹೇಳಿತ್ತು, ಹಾಗಾಗಲಿಲ್ಲ. ಓದು ಮುಗಿದ ಮೇಲಿನ ಪ್ರಮಾಣೀಕರಣ ಪರೀಕ್ಷೆಗೆ ಕೂರಲು ಎರಡೂ ನಡೆಯುತ್ತವೆ.

ಶಾಲೆ ಹೇಗೆ ಆರಿಸಬೇಕು? ಮಾನ್ಯತೆ ಇದೆಯೇ ನೋಡುವುದು ಕಡ್ಡಾಯ, ಮಾನ್ಯತೆ ಇಲ್ಲದ ಶಾಲೆಯ ಪದವಿ ಹಿಡಿದು ಹೋದರೆ ಪ್ರಮಾಣೀಕರಣ ಪರೀಕ್ಷೆಗೆ ಕೂರಿಸುವುದೇ ಇಲ್ಲ. ಆನ್‌ಲೈನ್ ಶಾಲೆಯಾದರೆ ನಿಮ್ಮ ರಾಜ್ಯದವರನ್ನು ಸೇರಿಸಿಕೊಳ್ಳುತ್ತದೆಯೇ ಕೇಳಿ. ಇವೆಲ್ಲ ಜಾಲತಾಣದಲ್ಲೇ ಸಿಗುವ ಉತ್ತರಗಳು. ಅಷ್ಟು ಸುಲಭಕ್ಕೆ ಸಿಗದ ಉತ್ತರ ಒಂದಿದೆ, ಅದನ್ನು ಕೇಳದೆ ಸೇರಿ ಎಷ್ಟೋ ಜನ ಅತ್ತಿದ್ದಾರೆ: ಪ್ರಿಸೆಪ್ಟರನ್ನು ಹುಡುಕಿಕೊಡುವವರು ಯಾರು?

ಪಾಠ ಎಷ್ಟೇ ಆನ್‌ಲೈನ್ ಆದರೂ ರೋಗಿಯನ್ನು ನೋಡಿ ಕಲಿಯುವ ಗಂಟೆಗಳನ್ನು ಆಸ್ಪತ್ರೆಯಲ್ಲೋ ಕ್ಲಿನಿಕ್ಕಿನಲ್ಲೋ ಕಳೆಯಲೇಬೇಕು. ಮೊದಲು ಕನಿಷ್ಠ 500 ಗಂಟೆ ಇತ್ತು, 2022ರ ರಾಷ್ಟ್ರೀಯ ಮಾನದಂಡ ಅದನ್ನು 750ಕ್ಕೆ ಏರಿಸಿತು. ಆ ಗಂಟೆಗಳಲ್ಲಿ ಪಕ್ಕದಲ್ಲಿ ನಿಂತು ಕಲಿಸುವ ಅನುಭವಿ ನರ್ಸ್ ಪ್ರಾಕ್ಟೀಷನರ್ ಅಥವಾ ವೈದ್ಯರೇ ಪ್ರಿಸೆಪ್ಟರ್. ಕೆಲವು ಶಾಲೆಗಳು ತಾವೇ ವ್ಯವಸ್ಥೆ ಮಾಡುತ್ತವೆ. ಇನ್ನು ಕೆಲವು ಪೂರ್ತಿ ಫೀಸು ತೆಗೆದುಕೊಂಡು, ಹುಡುಕುವ ಹೊಣೆಯನ್ನು ವಿದ್ಯಾರ್ಥಿಯ ತಲೆಗೇ ಕಟ್ಟುತ್ತವೆ. ನಾನು ಸೇರಿದ ಶಾಲೆ ಎರಡನೆಯ ಬಗೆಯದು. ಕೊನೆಯ ಸೆಮಿಸ್ಟರಿಗೆ ಮೂವತ್ತೊಂದು ಕಡೆ ಪತ್ರ ಬರೆದೆ. ಡ್ಯೂಟಿ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಯೊಡಾಟಾ ಹಿಡಿದು ಕ್ಲಿನಿಕ್ಕುಗಳ ಮುಂದಿನ ಕಿಟಕಿಯಲ್ಲಿ ನಿಂತೆ. ಇಪ್ಪತ್ತೇಳು ಕಡೆಯಿಂದ ಉತ್ತರವೇ ಇಲ್ಲ. ಪ್ರಿಸೆಪ್ಟರ್ ಸಿಗದೆ ಒಂದು ಸೆಮಿಸ್ಟರ್ ಹಿಂದೆ ಬಿದ್ದವರು ನನ್ನ ತರಗತಿಯಲ್ಲೇ ಇದ್ದರು, ಮಧ್ಯವರ್ತಿಗಳಿಗೆ ಸಾವಿರಾರು ಡಾಲರ್ ತೆತ್ತವರೂ ಇದ್ದರು. ಕಲಿಸುವವರನ್ನು ಒದಗಿಸದೆ ಕಲಿಕೆಗೆ ಹಣ ಪಡೆಯುವುದು ಅನ್ಯಾಯವೇ ಸರಿ, ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಸೇರುವ ಮುಂಚೆಯೇ ಲಿಖಿತವಾಗಿ ಕೇಳಿ. ‘ನೆರವು ನೀಡುತ್ತೇವೆ’ ಎಂಬ ಉತ್ತರ ಬಂದರೆ, ಹೋದ ವರ್ಷ ಎಷ್ಟು ವಿದ್ಯಾರ್ಥಿಗಳಿಗೆ ನೀವೇ ಜಾಗ ಕೊಡಿಸಿದಿರಿ ಎಂದು ಮರುಪ್ರಶ್ನೆ ಹಾಕಿ.

ಶಿಫಾರಸು ಪತ್ರಗಳು ಎರಡೋ ಮೂರೋ ಬೇಕು. ಊರಿನ ಕಾಲೇಜಿನಿಂದ ನಾನು ತರಿಸಿಕೊಂಡ ಪತ್ರದಲ್ಲಿ ‘ಈಕೆ ನಮ್ಮ ವಿದ್ಯಾರ್ಥಿನಿ, ಸನ್ನಡತೆಯವಳು, ಮುಂದಿನ ಭವಿಷ್ಯ ಉಜ್ವಲವಾಗಲಿ’ ಎಂದಿತ್ತು. ಒಳ್ಳೆಯ ಮನಸ್ಸಿನಿಂದ ಬರೆದ ಪತ್ರ. ಆದರೆ ಪ್ರವೇಶ ಸಮಿತಿ ಕೇಳುವುದು ನಡತೆಯನ್ನಲ್ಲ, ಈಕೆ ಒತ್ತಡದಲ್ಲಿ ಏನು ಮಾಡುತ್ತಾಳೆ ಎಂಬುದನ್ನು. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ನರ್ಸ್ ಮ್ಯಾನೇಜರ್, ಜೊತೆಗೆ ರಾತ್ರಿ ಪಾಳಿ ಮಾಡಿದ ನರ್ಸ್ ಪ್ರಾಕ್ಟೀಷನರ್ ಅಥವಾ ಡಾಕ್ಟರ್ ಬರೆದ ಒಂದು ಪುಟ, ದೊಡ್ಡ ಹುದ್ದೆಯವರ ಲೆಟರ್‌ಹೆಡ್‌ಗಿಂತ ಎಷ್ಟೋ ಮೇಲು. ಅವರಿಗೆ ಆರು ವಾರ ಸಮಯ ಕೊಡಿ. ಯಾವ ಘಟನೆ ನೆನಪಿಸಿಕೊಳ್ಳಬಹುದೆಂದು ನೀವೇ ನಾಲ್ಕು ಸಾಲು ಬರೆದುಕೊಟ್ಟರೆ ಸಂಕೋಚವೇನಿಲ್ಲ, ಅವರಿಗೆ ಅದು ಉಪಕಾರ.

ಇನ್ನು ಎರಡು ಪುಟದ ವೈಯಕ್ತಿಕ ಹೇಳಿಕೆ. ಯಾಕೆ ಈ ಓದು, ಯಾಕೆ ಈ ದಾರಿ, ಇಲ್ಲಿಯವರೆಗೆ ಏನು ಮಾಡಿದ್ದೀರಿ. ನನ್ನ ಮೊದಲ ಕರಡು ‘ಬಾಲ್ಯದಿಂದಲೂ ರೋಗಿಗಳ ಸೇವೆ ಮಾಡುವ ಹಂಬಲ’ ಎಂದು ಶುರುವಾಗಿ, ಒಂದು ರಾತ್ರಿಯ ಘಟನೆ ಹೇಳಿ, ‘ವೈದ್ಯರಿಗೆ ತಿಳಿಸಲಾಯಿತು, ರೋಗಿಯನ್ನು ಶಸ್ತ್ರಚಿಕಿತ್ಸೆಗೆ ಒಯ್ಯಲಾಯಿತು’ ಎಂದು ಮುಗಿಯುತ್ತಿತ್ತು. ನಮ್ಮ ವಾರ್ಡಿನಲ್ಲಿ ಫಿಲಿಪೀನ್ಸ್‌ನಿಂದ ಬಂದ ಹಿರಿಯ ನರ್ಸ್ ಒಬ್ಬರಿದ್ದರು. ಅವರು ಓದಿ, ಕಾಗದ ಕೆಳಗಿಟ್ಟು, ‘ಇದರಲ್ಲಿ ನೀನು ಎಲ್ಲಿದ್ದೀ?’ ಎಂದರು. ತಮ್ಮ ದೇಶದಲ್ಲೂ ಹೀಗೇ ಕಲಿಸಿದ್ದರೆಂದು ಆಮೇಲೆ ಹೇಳಿದರು.

ನಿಜಕ್ಕೂ ನಡೆದದ್ದು ಇಷ್ಟು. ಕರುಳಿನ ಆಪರೇಷನ್ ಆಗಿ ಎರಡನೇ ರಾತ್ರಿ. ಅರವತ್ತು ದಾಟಿದ ಮನುಷ್ಯ. ಒಂದು ಗಂಟೆಗೆ ಮೂತ್ರದ ಚೀಲದಲ್ಲಿ ಆ ತಾಸಿನದು 40 ಎಂ.ಎಲ್. ಇತ್ತು, ಎರಡಕ್ಕೆ 20, ಮೂರಕ್ಕೆ 12. ಬಿ.ಪಿ. ಸರಿಯಾಗಿಯೇ ಇತ್ತು, ಮಾನಿಟರ್ ಒಂದು ಸಲವೂ ಕೂಗಲಿಲ್ಲ. ನಾಡಿ ಮಾತ್ರ 92ರಿಂದ 116ಕ್ಕೆ ಏರಿತ್ತು. ಆತ ಮತ್ತೆ ಮತ್ತೆ ನೀರು ಕೇಳುತ್ತಿದ್ದ, ಹೊದಿಕೆ ಕಿತ್ತೆಸೆಯುತ್ತಿದ್ದ. ಮೊಣಕಾಲು ಮುಟ್ಟಿ ನೋಡಿದರೆ ತಣ್ಣಗೆ; ಚಿಪ್ಪಿನ ಮೇಲೆ ಬಲೆ ಹೆಣೆದ ಹಾಗೆ ನೇರಳೆ ಬಣ್ಣ. ರೆಸಿಡೆಂಟ್ ಡಾಕ್ಟರ್ ಫೋನಿನಲ್ಲೇ 500 ಎಂ.ಎಲ್. ಸಲೈನ್ ಹೇಳಿ ‘ನೋಡ್ತಾ ಇರಿ’ ಎಂದರು. ಕೊಟ್ಟು ಅರ್ಧ ಗಂಟೆ ಕಾದೆ. ಏನೂ ಬದಲಾಗಲಿಲ್ಲ. ಯಾರ ಅನುಮತಿಗೂ ಕಾಯದೆ ರ‍್ಯಾಪಿಡ್ ರೆಸ್ಪಾನ್ಸ್ ತಂಡವನ್ನು ಕರೆದೆ. ನಾಲ್ಕೂವರೆಗೆ ಆತ ಆಪರೇಷನ್ ಥಿಯೇಟರಿನಲ್ಲಿದ್ದ. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು.

ಇದನ್ನು ಫೋನಿನಲ್ಲಿ ತಂಗಿಗೆ ಹೇಳಿದಾಗ ಕನ್ನಡದಲ್ಲಿ ಎಷ್ಟು ಸಲೀಸಾಗಿ ಬಂತು! ನೋಡಿದೆ, ಮುಟ್ಟಿದೆ, ಕಾದೆ, ಕರೆದೆ. ನಮ್ಮ ಮಾತಿನಲ್ಲಿ ‘ನಾನು’ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕ್ರಿಯಾಪದದ ಬಾಲದಲ್ಲೇ ಅದು ಕೂತಿರುತ್ತದೆ. ದೊಡ್ಡಸ್ತಿಕೆ ಕೊಚ್ಚಿಕೊಂಡಂತೆಯೂ ಕೇಳುವುದಿಲ್ಲ, ಮಾಡಿದವಳು ಮಾಯವಾಗುವುದೂ ಇಲ್ಲ. ಆಸ್ಪತ್ರೆಯ ಇಂಗ್ಲಿಷಿನಲ್ಲಿ ಬರೆದ ಕೂಡಲೇ ನಾನು ಮಾಯವಾಗುತ್ತಿದ್ದೆ. ಆವತ್ತಿನಿಂದ ನನ್ನದೊಂದು ಪದ್ಧತಿ. ಅರ್ಜಿ ಬರೆಯುವ ಕಿರಿಯರಿಗೆ, ಮೊದಲು ಕನ್ನಡದಲ್ಲಿ ಹೇಳಿ ಎನ್ನುತ್ತೇನೆ. ಡಲ್ಲಾಸ್‌ನಲ್ಲಿರುವ ಹಾಸನದ ಹುಡುಗಿಯೊಬ್ಬಳು ಹೋದ ನವೆಂಬರಿನಲ್ಲಿ ಕಳಿಸಿದ ಕರಡಿನಲ್ಲಿ ಮತ್ತದೇ ಸಾಲು: ವೈದ್ಯರಿಗೆ ತಿಳಿಸಲಾಯಿತು.

‘ಯಾರು ತಿಳಿಸಿದ್ದು?’

‘ನಾನೇ ಅಕ್ಕ. ಆದ್ರೆ ಹಾಗೆ ಬರೆದ್ರೆ ಜಂಬ ಅನ್ಸಲ್ವಾ?’

‘ತಿಳಿಸೋಕೆ ಮುಂಚೆ ಏನು ನೋಡಿದೆ?’

ಅವಳು ಹೇಳತೊಡಗಿದಳು. ಇಪ್ಪತ್ತು ನಿಮಿಷ ನಿಲ್ಲಿಸಲಿಲ್ಲ. ಮಗುವಿನ ಮೂಗಿನ ಹೊಳ್ಳೆ ಅರಳುತ್ತಿದ್ದದ್ದು, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದ್ದದ್ದು, ತಾಯಿ ಹಾಲಿನ ಬಾಟಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದದ್ದು. ಅಷ್ಟನ್ನೂ ರೆಕಾರ್ಡ್ ಮಾಡಿ ವಾಪಸ್ ಕಳಿಸಿದೆ. ಮಕ್ಕಳ ವಿಭಾಗಕ್ಕೇ ಸೀಟು ಸಿಕ್ಕಿತು.

ನರ್ಸ್ ತಾನು ಕಂಡದ್ದನ್ನು ಇನ್ನೊಬ್ಬರಿಗೆ ಒಪ್ಪಿಸಿ ಆರ್ಡರಿಗೆ ಕಾಯುತ್ತಾಳೆ, ನರ್ಸ್ ಪ್ರಾಕ್ಟೀಷನರ್ ತಾನೇ ಆರ್ಡರ್ ಬರೆಯುತ್ತಾಳೆ. ಶರೀರದ ವಿಕೃತಿ, ಔಷಧಶಾಸ್ತ್ರ, ದೇಹಪರೀಕ್ಷೆ ಈ ಮೂರನ್ನು ಮೇಲಿನ ಮಟ್ಟದಲ್ಲಿ ಮತ್ತೆ ಓದಿಸುವುದು ಅದಕ್ಕಾಗಿಯೇ. ಆದರೆ ತೀರ್ಮಾನ ತನ್ನದು ಎಂದು ಹೇಳಲು ಹಿಂಜರಿಯುವವಳಿಗೆ ಆ ಓದು ಹತ್ತುವುದಿಲ್ಲವೆಂದು ಸಮಿತಿಗೆ ಗೊತ್ತಿದೆ. ಆ ಎರಡು ಪುಟದಲ್ಲಿ ಅವರು ಹುಡುಕುವುದು ಇಂಗ್ಲಿಷಿನ ಅಂದವನ್ನಲ್ಲ.

ಹಣದ ವಿಷಯ ಚುಟುಕಾಗಿ: ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಕ್ಕೂ ಹೆಸರಾಂತ ಖಾಸಗಿ ಶಾಲೆಗೂ ಫೀಸಿನಲ್ಲಿ ಅಜಗಜಾಂತರ. ಕೆಲಸ ಕೊಟ್ಟ ಆಸ್ಪತ್ರೆ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲದೆ ಫೀಸಿಗೆ ಕೊಡಬಹುದು, ಕೇಳಿದವರಿಗಷ್ಟೇ ಸಿಗುತ್ತದೆ. ನಾನು ವಾರಕ್ಕೆ ಮೂರು ರಾತ್ರಿ ಪಾಳಿ ಮಾಡುತ್ತಲೇ ಮೂರು ವರ್ಷ ಓದಿದೆ. ಮನೆಯವರು ಅಡುಗೆ ಕಲಿತರು.

ನಮ್ಮಲ್ಲೂ ಈ ಓದು ಇದೆ ಎಂಬುದು ಅನೇಕ ನರ್ಸ್‌ಗಳಿಗೇ ತಿಳಿದಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಎರಡು ವರ್ಷದ ರೆಸಿಡೆನ್ಸಿ ಮಾದರಿಯ ಸ್ನಾತಕೋತ್ತರ ಪದವಿ. ಬಿ.ಎಸ್‌ಸಿ. ನರ್ಸಿಂಗ್ ಜೊತೆಗೆ ಕನಿಷ್ಠ ಒಂದು ವರ್ಷದ ಅನುಭವ ಕೇಳುತ್ತಾರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ನರ್ಸ್ ಪ್ರಾಕ್ಟೀಷನರ್‌ಗಳ ಮಾತೆತ್ತಿದೆ. ಸೂಲಗಿತ್ತಿ ವಿದ್ಯೆಗೂ ಇಂಥದ್ದೇ ತರಬೇತಿ ಬಂದಿದೆ. ಓದಿ ಮುಗಿಸಿದವರು ಸಂಸ್ಥೆ ಒಪ್ಪಿದ ಪ್ರೋಟೊಕಾಲ್‌ಗಳ ಚೌಕಟ್ಟಿನೊಳಗೆ ಕೆಲಸ ಮಾಡುತ್ತಾರೆ. ಆದರೆ ಹಲವೆಡೆ ಆ ಪದವಿಗೆ ತಕ್ಕ ಹುದ್ದೆಯೇ ಇಲ್ಲದೆ, ಮತ್ತೆ ಸ್ಟಾಫ್ ನರ್ಸ್ ಡ್ಯೂಟಿಗೇ ಮರಳುತ್ತಾರೆ. ಡಾಕ್ಟರಿಲ್ಲದೆ ಬಾಗಿಲು ಹಾಕಿರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ನಮ್ಮ ಮಲೆನಾಡಿನಲ್ಲೇ ನೋಡಿದವಳು ನಾನು. ಫೋರ್ಡ್ ಕೊಲೊರಾಡೊದಲ್ಲಿ ಕಂಡದ್ದಕ್ಕಿಂತ ಅದು ಬೇರೆಯದಲ್ಲ. ಹುದ್ದೆ ಸೃಷ್ಟಿಸಿ ಆ ಬಾಗಿಲು ತೆರೆಯಬೇಕಾದವರು ಇನ್ನೂ ಮನಸ್ಸು ಮಾಡಬೇಕು.

ಅರ್ಜಿಯ ಕೊನೆಯ ಮೆಟ್ಟಿಲು ಸಂದರ್ಶನ. ನನ್ನದು ಝೂಮ್‌ನಲ್ಲಿ ಇಪ್ಪತ್ತು ನಿಮಿಷ. ಇಬ್ಬರು ಪ್ರಾಧ್ಯಾಪಕಿಯರು. ‘ನೀವು ತಪ್ಪು ಮಾಡಿದ ಒಂದು ಸಂದರ್ಭ ಹೇಳಿ’ ಎಂದರು. ಹೇಳಲು ಹೊರಟದ್ದು ಬೇರೇನೋ. ಬಾಯಿಗೆ ಬಂದದ್ದು ಬೆಂಗಳೂರಿನ ದಿನಗಳ ಒಂದು ಸಂಜೆ. ಭೇಟಿಯ ಸಮಯದಲ್ಲಿ ರೋಗಿಯೊಬ್ಬರ ಹೆಂಡತಿ ನನ್ನ ತೋಳು ಹಿಡಿದು, ‘ಇವ್ರು ಯಾಕೋ ಇವ್ರ ಥರ ಇಲ್ಲ ಸಿಸ್ಟರ್’ ಅಂದಿದ್ದರು. ನಾನು ಮಾನಿಟರ್ ನೋಡಿದೆ. ‘ಎಲ್ಲ ನಾರ್ಮಲ್ ಇದೆ ಅಮ್ಮ, ಟೈಮಾಯ್ತು, ಹೊರಗೆ ಕೂತ್ಕೊಳ್ಳಿ’ ಎಂದೆ. ಒಂದೂವರೆ ಗಂಟೆಯ ನಂತರ ಆ ರೋಗಿಯ ಬಲಗೈ ಮೇಲೇಳಲಿಲ್ಲ. ಪಾರ್ಶ್ವವಾಯು. ಜೀವ ಉಳಿಯಿತು, ಕೈ ಮರಳಲಿಲ್ಲ. ಆ ದಿನದ ಕೇಸ್ ಶೀಟ್‌ನಲ್ಲಿ ಹೆಂಡತಿಯ ಮಾತು ಎಲ್ಲೂ ಇರಲಿಲ್ಲ, ವೈಟಲ್ಸ್ ಸ್ಟೇಬಲ್ ಎಂದಿತ್ತು.

ಪ್ರಾಧ್ಯಾಪಕಿ ಸ್ವಲ್ಪ ಹೊತ್ತು ಬಿಟ್ಟು, ‘ಈಗ ಏನು ಮಾಡುತ್ತೀರಿ?’ ಎಂದರು. ಮನೆಯವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ಸಮಯ ಹಾಕಿ, ಮೊದಲ ಸಾಲಿನಲ್ಲೇ ಬರೆಯುತ್ತೇನೆ ಎಂದೆ.

ಈಗ ಆ ನೋಟ್‌ಗಳ ಕೆಳಗೆ ನರ್ಸ್ ಪ್ರಾಕ್ಟೀಷನರ್ ಎಂದು ನನ್ನ ಹೆಸರಿದೆ. ಬರೆಯುವುದು ಇಂಗ್ಲಿಷಿನಲ್ಲೇ, ಮನಸ್ಸಿನಲ್ಲಿ ಮೊದಲು ಮೂಡುವುದು ಕನ್ನಡ. ಹೋದ ವಾರದ್ದೊಂದು ಹೀಗೆ ಶುರುವಾಗುತ್ತದೆ: ಬೆಳಗಿನ ಜಾವ 3:10. ಮಗ ಹೇಳಿದ್ದು, ‘ಅಮ್ಮ ಸಂಜೆ ಇದ್ದ ಹಾಗಿಲ್ಲ.’ ಹೋಗಿ ನೋಡಿದೆ.